ವಿಂಚ್ ಮೇಲೆ ಬರೆದ ಟನ್ ಲೆಕ್ಕ ನಂಬಿ ಎಳೆಯುವ ಮುಂಚೆ: ಯಾವ ಭಾಗದ ಕೆಲಸ ಏನು, ಎಲ್ಲಿ ಕೈ ಕೊಡುತ್ತೆ?

ಮುಂಗಾರು ಹಿಡಿದರೆ ಮಲೆನಾಡಿನ ತೋಟದ ದಾರಿಗಳಲ್ಲಿ ಜೀಪು, ಪಿಕಪ್ ಹೂತುಕೊಳ್ಳೋದು ಸುದ್ದಿಯೇ ಅಲ್ಲ. ಮೊದಲೆಲ್ಲ ಚಕ್ರದ ಅಡಿಗೆ ಕಲ್ಲು, ಸೊಪ್ಪು ತುಂಬೋದು, ಹಿಂದೆ ಐದಾರು ಜನ ನಿಂತು ತಳ್ಳೋದು, ಆಗಲಿಲ್ಲ ಅಂದ್ರೆ ಟ್ರ್ಯಾಕ್ಟರ್‌ಗೆ ಫೋನ್ ಹಾಕೋದು ಇತ್ತು. ಈಗ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆ ಮುಂದಿನ ಬಂಪರ್‌ನಲ್ಲಿ ವಿಂಚ್ ಕೂರಿಸಿಕೊಂಡ ಗಾಡಿಗಳು ಕಾಣಸಿಗುತ್ತವೆ. ಹಳೇ ಮೇಜರ್ ಜೀಪು, ಜಿಪ್ಸಿಯಿಂದ ಹಿಡಿದು ಹೊಸ ಥಾರ್‌ವರೆಗೂ ಇದೆ. ತೋಟದವರು ಹಾಕಿಸಿಕೊಳ್ತಾರೆ, ಗುಡ್ಡದ ದಾರಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವವರೂ ಹಾಕಿಸಿಕೊಳ್ತಾರೆ.

ವಿಂಚ್ ತಗೊಳ್ಳುವಾಗ ಹೆಚ್ಚಿನವರು ನೋಡೋದು ಒಂದೇ ಅಂಕಿ. 8,000 ಪೌಂಡ್, 9,500 ಪೌಂಡ್, 12,000 ಪೌಂಡ್ ಅಂತ ಮೇಲೆ ದಪ್ಪಕ್ಕೆ ಬರೆದಿರುತ್ತೆ. ಕೆ.ಜಿ.ಗೆ ತಿರುಗಿಸಿದ್ರೆ 8,000 ಪೌಂಡ್ ಅಂದ್ರೆ ಸುಮಾರು 3,630, 9,500 ಅಂದ್ರೆ 4,310, 12,000 ಅಂದ್ರೆ 5,440. "ನಾಲ್ಕು ಟನ್ ಎಳೆಯುತ್ತೆ, ನಮ್ಮ ಗಾಡಿ ಎರಡು ಟನ್ನೂ ಇಲ್ಲ, ಸಾಕಲ್ವಾ" ಅನ್ನೋದು ಸಹಜ. ಆದ್ರೆ ಆ ಅಂಕಿ ಒಂದೇ ಒಂದು ಸ್ಥಿತಿಗೆ ಮಾತ್ರ ಅನ್ವಯ. ಅದೂ ಬರೀ ಮೋಟಾರ್ ಮತ್ತು ಗೇರಿನ ಲೆಕ್ಕ. ರೋಪು, ಹುಕ್ಕು, ಶ್ಯಾಕಲ್, ಬೋಲ್ಟು, ಕಟ್ಟಿದ ಮರ ಇವೆಲ್ಲ ಆ ಲೆಕ್ಕದ ಹೊರಗೆ. ಇದರಲ್ಲಿ ಯಾವುದು ಬಡಕಲೋ ಅದು ಮೊದಲು ಹೋಗುತ್ತೆ. ಭಾರ ಬಿದ್ದಾಗ ಹೋದರೆ ಹತ್ತಿರ ನಿಂತವರ ಕೈಕಾಲು, ಕೆಲವೊಮ್ಮೆ ಜೀವವೂ ಹೋಗಬಹುದು.

ಡ್ರಮ್ಮು: ಒಳಗಿನ ಸುತ್ತಿಗೂ ಮೇಲಿನ ಸುತ್ತಿಗೂ ಅಜಗಜಾಂತರ

ರೋಪು ಸುತ್ತಿಕೊಳ್ಳುವ ಉರುಳೆಯೇ ಡ್ರಮ್ಮು. ವಿಂಚ್ ಮೇಲೆ ಬರೆದ ಬಲ ಸಿಗೋದು ಡ್ರಮ್ಮಿಗೆ ಅಂಟಿಕೊಂಡ ಮೊದಲನೇ ಪದರದಲ್ಲಿ ರೋಪು ಇದ್ದಾಗ ಮಾತ್ರ. ಪದರದ ಮೇಲೆ ಪದರ ಸುತ್ತಿದ ಹಾಗೆ ಡ್ರಮ್ಮಿನ ಗಾತ್ರ ದೊಡ್ಡದಾಗುತ್ತೆ. ಮೋಟಾರ್ ತಿರುಗಿಸುವ ಶಕ್ತಿ ಅಷ್ಟೇ ಇರುತ್ತೆ. ಬಾವಿಯ ರಾಟೆಗೆ ಸಣ್ಣ ಉರುಳೆ ಇದ್ದಾಗ ಕೊಡ ಹಗುರವಾಗಿ ಮೇಲೆ ಬರುತ್ತೆ, ದಪ್ಪ ಉರುಳೆ ಹಾಕಿದ್ರೆ ಬೇಗ ಬರುತ್ತೆ ಆದ್ರೆ ತೋಳು ಸೋಲುತ್ತೆ. ಇಲ್ಲೂ ಅದೇ.

ಒಂದು ಲೆಕ್ಕ ಹಾಕಿ ನೋಡೋಣ. 9,500 ಪೌಂಡ್ ವಿಂಚ್, ಎರಡೂವರೆ ಇಂಚಿನ ಡ್ರಮ್ಮು, 8 ಎಂ.ಎಂ. ರೋಪು ಅಂತಿಟ್ಕೊಳ್ಳಿ. ಮೊದಲ ಪದರದಲ್ಲಿ 4,300 ಕೆ.ಜಿ. ಎಳೆಯುವ ಇದೇ ವಿಂಚ್ ಎರಡನೇ ಪದರದಲ್ಲಿ ಸುಮಾರು 3,500, ಮೂರನೇದರಲ್ಲಿ 3,000, ನಾಲ್ಕನೇದರಲ್ಲಿ 2,600 ಕೆ.ಜಿ. ಆಸುಪಾಸಿಗೆ ಇಳಿಯುತ್ತೆ. ಅಂದ್ರೆ ಪೂರ್ತಿ ಸುತ್ತಿಟ್ಟ ರೋಪಿನಲ್ಲಿ ಎರಡು ಮೀಟರ್ ಬಿಚ್ಚಿ, ಎದುರಿಗೇ ಇರೋ ಮರಕ್ಕೆ ಕಟ್ಟಿ ಎಳೆದರೆ ಸಿಗೋದು ಬರೆದ ಬಲದ 60 ಪರ್ಸೆಂಟ್. ದೂರದ ಮರಕ್ಕೆ ಕಟ್ಟಿದರೆ ಹೆಚ್ಚು ಬಲ ಅನ್ನೋದು ಕೇಳೋಕೆ ವಿಚಿತ್ರ, ಆದ್ರೆ ನಿಜ.

ಹಾಗಂತ ರೋಪು ಪೂರ್ತಿ ಬಿಚ್ಚೋ ಹಾಗೂ ಇಲ್ಲ. ರೋಪಿನ ತುದಿಯನ್ನು ಡ್ರಮ್ಮಿಗೆ ಹಿಡಿಸಿರೋದು ಒಂದು ಸಣ್ಣ ಸ್ಕ್ರೂ ಅಥವಾ ಲಗ್. ಅದಕ್ಕೆ ಭಾರ ತಡೆಯೋ ತಾಕತ್ತಿಲ್ಲ. ಭಾರ ತಡೆಯೋದು ಡ್ರಮ್ಮಿನ ಮೇಲೆ ಉಳಿದಿರುವ ಸುತ್ತುಗಳ ಹಿಡಿತ. ಸ್ಟೀಲ್ ರೋಪಾದ್ರೆ ಕನಿಷ್ಠ 5 ಸುತ್ತು, ಸಿಂಥೆಟಿಕ್ ಆದ್ರೆ ಜಾರೋ ಸ್ವಭಾವ ಇರೋದ್ರಿಂದ 8ರಿಂದ 10 ಸುತ್ತು ಡ್ರಮ್ಮಲ್ಲೇ ಉಳೀಬೇಕು. ಒಮ್ಮೆ ಪೂರ್ತಿ ಬಿಚ್ಚಿ, ಅಷ್ಟು ಸುತ್ತಿನ ಜಾಗಕ್ಕೆ ಕೆಂಪು ಪೇಂಟ್ ಹಚ್ಚಿಟ್ಟರೆ ಕತ್ತಲಲ್ಲಿ, ಮಳೆಯಲ್ಲಿ ಸುತ್ತು ಎಣಿಸುವ ಕಷ್ಟ ಇಲ್ಲ.

ಹಾಗಾದ್ರೆ ಎಷ್ಟು ಪೌಂಡಿನ ವಿಂಚ್ ಬೇಕು? ಗಾಡಿ ತೂಕಕ್ಕೆ ಜನ, ಲೋಡ್ ಎಲ್ಲ ಸೇರಿಸಿ, ಅದರ ಒಂದೂವರೆ ಪಟ್ಟು ಅನ್ನೋದು ಎಲ್ಲ ಕಡೆ ಚಾಲ್ತಿಯಲ್ಲಿರುವ ಲೆಕ್ಕ. ಎಲ್ಲ ಸೇರಿ 2,400 ಕೆ.ಜಿ. ತೂಗಿದ್ರೆ 3,600 ಕೆ.ಜಿ., ಅಂದ್ರೆ 8,000 ಪೌಂಡ್. ಇದು ಕನಿಷ್ಠ. ಚಕ್ರದ ಮಟ್ಟಕ್ಕೆ ಕೆಸರಲ್ಲಿ ಕೂತರೆ ಗಾಡಿಯ ತೂಕದಷ್ಟೇ ಬಲ ಬೇಕು, ಮಡ್‌ಗಾರ್ಡ್‌ವರೆಗೆ ಹೂತರೆ ಎರಡು ಪಟ್ಟು ಬೇಕು ಅಂತ ಗಾಡಿ ಎತ್ತುವ ಕೆಲಸದವರು ಲೆಕ್ಕ ಹಿಡಿಯುತ್ತಾರೆ. ಏರು ಇದ್ದರೆ ಅದು ಬೇರೆ ಸೇರುತ್ತೆ. 2,400 ಕೆ.ಜಿ. ಗಾಡಿ ಮಡ್‌ಗಾರ್ಡ್‌ವರೆಗೆ ಹೂತರೆ 4,800 ಕೆ.ಜಿ. ಬೇಕಾಯ್ತು. ಮೇಲಿನ 9,500 ಪೌಂಡ್ ವಿಂಚ್‌ನ ಮೊದಲನೇ ಪದರಕ್ಕೂ ಅದು ಆಗಲ್ಲ. ಅದಕ್ಕೇ ಪುಲ್ಲಿ ಬೇಕು. ಅದರ ವಿಷಯ ಮುಂದೆ ಬರುತ್ತೆ.

ಮೋಟಾರ್ ಕೇಳೋದು ಬ್ಯಾಟರಿಯ ರಕ್ತ

ಈಗ ಮಾರ್ಕೆಟ್ಟಲ್ಲಿ ಸಿಗೋದು ಹೆಚ್ಚಾಗಿ 12 ವೋಲ್ಟಿನ ಎಲೆಕ್ಟ್ರಿಕ್ ವಿಂಚ್. ಗಾಡಿ ಎಂಜಿನ್‌ನಿಂದಲೇ ಶಾಫ್ಟ್ ಎಳೆದು ತಿರುಗಿಸುವ ಪಿಟಿಒ ವಿಂಚ್ ಹಳೇ ಕಾಲದ್ದು. ಅಮೆರಿಕದ ವಾರ್ನ್ ಕಂಪನಿ 1959ರಲ್ಲಿ ಸಾಮಾನ್ಯ ಜೀಪುಗಳಿಗೆ ಎಲೆಕ್ಟ್ರಿಕ್ ವಿಂಚ್ ತಂದ ಮೇಲೆ ಈ ಜಾತಿ ಹಬ್ಬಿತು. ಅದರ 8274 ಮಾಡೆಲ್ ಇವತ್ತಿಗೂ ಹಳೇ ಜೀಪಿನವರ ಬಾಯಲ್ಲಿದೆ. 8,000 ಪೌಂಡ್, 1974ರಲ್ಲಿ ಬಂದಿದ್ದು, ಹೆಸರೂ ಅದೇ.

ಮೋಟಾರಲ್ಲಿ ಎರಡು ಬಗೆ. ಒಳಗೆ ಕಾಯಂ ಅಯಸ್ಕಾಂತ ಇಟ್ಟಿರೋದು ಒಂದು, ಎರಡೂ ಕಡೆ ತಾಮ್ರದ ವೈಂಡಿಂಗ್ ಇರೋದು ಇನ್ನೊಂದು. ಅಯಸ್ಕಾಂತದ್ದು ಕರೆಂಟ್ ಸ್ವಲ್ಪ ಕಮ್ಮಿ ಕುಡಿಯುತ್ತೆ, ರೇಟೂ ಕಮ್ಮಿ, ಆದ್ರೆ ಬೇಗ ಬಿಸಿಯಾಗುತ್ತೆ. ವೈಂಡಿಂಗಿನದ್ದನ್ನು ಸೀರೀಸ್ ವೌಂಡ್ ಅಂತಾರೆ. ಪದೇ ಪದೇ, ಜಾಸ್ತಿ ಹೊತ್ತು ಎಳೆಯುವ ಕೆಲಸ ಇದ್ದವರಿಗೆ ಅದೇ ವಾಸಿ.

ಪೂರ್ತಿ ಭಾರ ಬಿದ್ದಾಗ 9,500 ಪೌಂಡ್ ವಿಂಚ್ 400 ಆಂಪಿಯರ್ ಹತ್ತಿರ ಎಳೆಯುತ್ತೆ. ಸೆಲ್ಫ್ ಹೊಡೆಯುವಾಗಲೂ ಬ್ಯಾಟರಿ ಜೋರಾಗಿಯೇ ಕರೆಂಟ್ ಕೊಡುತ್ತೆ, ಆದ್ರೆ ಅದು ಎರಡು ಮೂರು ಸೆಕೆಂಡಿನ ಮಾತು. ವಿಂಚ್‌ದು ನಿಮಿಷಗಳ ಲೆಕ್ಕ. 400 ಆಂಪಿಯರ್‌ನಲ್ಲಿ 5 ನಿಮಿಷ ಎಳೆದರೆ 33 ಆಂಪಿಯರ್ ಅವರ್ ಖಾಲಿ. 65 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಅರ್ಧ ಹೋಯ್ತು. ಆಲ್ಟರ್ನೇಟರ್ 100 ಆಂಪಿಯರ್ ಕೊಟ್ಟರೂ ಅದು ಆ ಹಸಿವಿನ ಕಾಲು ಭಾಗ ಮಾತ್ರ. ಅದಕ್ಕೇ ಎಂಜಿನ್ ಸ್ಟಾರ್ಟ್‌ನಲ್ಲಿಟ್ಟು, ಸ್ವಲ್ಪ ರೇಸ್ ಕೊಟ್ಟು, ನಿಮಿಷ ಎಳೆದು ನಿಲ್ಲಿಸಿ, ಮೋಟಾರ್ ಆರಲು ಬಿಟ್ಟು ಮತ್ತೆ ಎಳೆಯಬೇಕು. ಮೋಟಾರ್ ಮೈ ಕೈಯಲ್ಲಿ ಮುಟ್ಟಕ್ಕೆ ಆಗದಷ್ಟು ಸುಟ್ಟರೆ ಅವತ್ತಿಗೆ ಅದರ ಕೆಲಸ ಅಲ್ಲಿಗೆ ನಿಂತಿತು ಅಂತಲೇ ತಿಳಿಯಿರಿ.

ಬ್ಯಾಟರಿಯಿಂದ ಬರುವ ದಪ್ಪ ವೈರಿನ ಬಗ್ಗೆ ಒಂದು ಮಾತು. ಕಂಪನಿ ಕೊಟ್ಟ ವೈರ್ ಗಿಡ್ಡ ಆಯ್ತು ಅಂತ ಅಂಗಡಿಯಲ್ಲಿ ಸಿಕ್ಕ ಸಣ್ಣ ವೈರ್ ಜೋಡಿಸುವವರಿದ್ದಾರೆ. ಇಷ್ಟು ಕರೆಂಟಿಗೆ ಸಣ್ಣ ವೈರ್ ಸ್ಟೌವಿನ ಕಾಯಿಲ್ ಇದ್ದ ಹಾಗೆ. ನೆಗೆಟಿವ್ ವೈರೂ ಪಾಸಿಟಿವ್ ಅಷ್ಟೇ ದಪ್ಪ ಇರಬೇಕು, ಅದು ನೇರ ಬ್ಯಾಟರಿಗೇ ಹೋಗಬೇಕು. ಬಾಡಿಗೆ ಅರ್ತ್ ಕೊಟ್ಟು ಕೈ ತೊಳ್ಕೊಳ್ಳೋದು ಬೇಡ.

ಬಟನ್ ಬಿಟ್ಟರೂ ನಿಲ್ಲದಿದ್ದರೆ?

ರಿಮೋಟ್ ಬಟನ್ ಒತ್ತಿದಾಗ ಆ 400 ಆಂಪಿಯರ್ ರಿಮೋಟ್ ಮೂಲಕ ಹೋಗಲ್ಲ. ರಿಮೋಟ್ ಹೋಗಿ ಎಬ್ಬಿಸೋದು ಕಂಟ್ರೋಲ್ ಡಬ್ಬಿಯೊಳಗಿನ ಸೋಲೆನಾಯ್ಡನ್ನು. ಹಳೇ ವಿಂಚ್‌ಗಳಲ್ಲಿ ನಾಲ್ಕು ಸೋಲೆನಾಯ್ಡ್ ಇರುತ್ತಿದ್ದವು, ಈಗ ಹೆಚ್ಚಾಗಿ ಎಲ್ಲ ಸೇರಿದ ಒಂದೇ ಕಾಂಟ್ಯಾಕ್ಟರ್. ಮೋಟಾರ್‌ಗೆ ಹೋಗುವ ಪ್ಲಸ್ಸು ಮೈನಸ್ಸು ಅದಲು ಬದಲು ಮಾಡಿ ರೋಪನ್ನು ಒಳಗೆ ಎಳೆಯೋದು, ಹೊರಗೆ ಬಿಡೋದು ಎರಡೂ ಇದರದ್ದೇ ಕೆಲಸ.

ಇಡೀ ವಿಂಚ್‌ನಲ್ಲಿ ಮಲೆನಾಡಿನ ಹವಾಕ್ಕೆ ಮೊದಲು ಸೋಲೋ ಭಾಗ ಇದೇ. ಡಬ್ಬಿಯೊಳಗೆ ನೀರು, ಕೆಸರು ಹೊಕ್ಕರೆ ಪಾಯಿಂಟ್ ಹಿಲುಬು ಹಿಡಿಯುತ್ತೆ. ಆಗ ಬಟನ್ ಒತ್ತಿದರೆ ಕಟ್ ಕಟ್ ಸದ್ದು ಮಾತ್ರ, ಡ್ರಮ್ಮು ತಿರುಗಲ್ಲ. ಇದಾದ್ರೆ ಬರೀ ಫಜೀತಿ. ಅಪಾಯ ಇರೋದು ಇನ್ನೊಂದು ಬಗೆಯಲ್ಲಿ. ಬ್ಯಾಟರಿ ವೀಕ್ ಆಗಿ ವೋಲ್ಟೇಜ್ ಬಿದ್ದಾಗ ಪಾಯಿಂಟುಗಳು ಗಟ್ಟಿಯಾಗಿ ಕೂರದೆ ನಡುಗುತ್ತವೆ, ಕಿಡಿ ಹಾರುತ್ತೆ, ಕೊನೆಗೆ ಒಂದಕ್ಕೊಂದು ವೆಲ್ಡ್ ಆಗಿ ಅಂಟಿಕೊಳ್ಳುತ್ತವೆ. ಆಗ ಬಟನ್‌ನಿಂದ ಕೈ ತೆಗೆದರೂ ವಿಂಚ್ ಎಳೆಯುತ್ತಲೇ ಇರುತ್ತೆ. ಹುಕ್ಕು ಹಿಡಿದು ನಿಂತವರ ಬೆರಳು ರೋಪಿನ ಜೊತೆ ಒಳಗೆ ಹೋಗೋಕೆ ಒಂದು ಕ್ಷಣ ಸಾಕು.

ಅದಕ್ಕೆ ಪರಿಹಾರ ಬ್ಯಾಟರಿ ಮತ್ತು ವಿಂಚ್ ಮಧ್ಯೆ ಒಂದು ಕಟ್ ಆಫ್ ಸ್ವಿಚ್. ಲಾರಿ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತೆ. ಕೈಗೆ ಎಟುಕುವ ಜಾಗದಲ್ಲಿ ಇರಬೇಕು, ಬಾನೆಟ್ ಒಳಗೆ ಮೂಲೆಯಲ್ಲಿ ಅಲ್ಲ. ವಿಂಚ್‌ಗೆ ಸಾವಿರಾರು ರೂಪಾಯಿ ಸುರಿದವರು ಈ ಒಂದು ಸ್ವಿಚ್ಚಿಗೆ ಜಿಪುಣತನ ಮಾಡೋದು ಏಕೋ ಗೊತ್ತಾಗಲ್ಲ. ಕೆಲಸ ಇಲ್ಲದಾಗ ಆಫ್ ಮಾಡಿಟ್ಟರೆ ಮಕ್ಕಳು ರಿಮೋಟ್ ಒತ್ತಿ ಆಟ ಆಡುವ ಭಯವೂ ಇಲ್ಲ. ವೈರ್ ರಿಮೋಟಾದ್ರೆ ಕೆಲಸ ಮುಗಿದ ತಕ್ಷಣ ಬಿಚ್ಚಿ ಒಳಗಿಡಿ. ವೈರ್‌ಲೆಸ್ ಇದ್ದವರು ವೈರಿನದ್ದನ್ನೂ ಗಾಡಿಯಲ್ಲಿ ಇಟ್ಕೊಂಡಿರಿ.

ಗೇರು, ಕ್ಲಚ್ಚು, ಬ್ರೇಕು

ಮೋಟಾರ್ ಸಾವಿರಾರು ಸುತ್ತು ತಿರುಗಿದರೆ ಡ್ರಮ್ಮು ತಿರುಗೋದು ಬೆರಳೆಣಿಕೆಯಷ್ಟು. ಮಧ್ಯದ ಗೇರ್ ಬಾಕ್ಸು ವೇಗವನ್ನು ಬಲವಾಗಿ ಮಾಡುತ್ತೆ. ಈಗಿನವು ಹೆಚ್ಚಾಗಿ ಪ್ಲಾನೆಟರಿ ಗೇರು: ನಡುವೆ ಒಂದು ಗೇರು, ಸುತ್ತ ಮೂರು ನಾಲ್ಕು ಸಣ್ಣ ಗೇರು, ಹೊರಗೆ ಹಲ್ಲಿನ ಬಳೆ. ಇಂಥ ಮೂರು ಸೆಟ್ ಸಾಲಾಗಿ ಕೂತು, ಮೋಟಾರ್ 200ಕ್ಕೂ ಹೆಚ್ಚು ಸುತ್ತು ತಿರುಗಿದಾಗ ಡ್ರಮ್ಮು ಒಂದು ಸುತ್ತು ಬರುತ್ತೆ. ಅದಕ್ಕೇ ಭಾರ ಬಿದ್ದಾಗ ರೋಪು ನಿಮಿಷಕ್ಕೆ ಒಂದೆರಡು ಮೀಟರ್ ಮಾತ್ರ ಬರೋದು. ನಿಧಾನ ಆಯ್ತು ಅಂತ ವಿಂಚ್ ಹಾಳಾಗಿದೆ ಅಂದ್ಕೊಳ್ಳಬೇಡಿ. ವರ್ಮ್ ಗೇರಿನ ವಿಂಚ್ ಇನ್ನೂ ನಿಧಾನ, ಆದ್ರೆ ಭಾರ ತಾನಾಗೇ ಹಿಂದಕ್ಕೆ ತಿರುಗಿಸೋಕೆ ಆಗಲ್ಲ ಅನ್ನೋದು ಅದರ ಗುಣ.

ಪಕ್ಕದಲ್ಲಿರುವ ಲಿವರ್ ಕ್ಲಚ್ಚಿನದ್ದು. ಅದನ್ನು ಬಿಡಿಸಿದರೆ ಡ್ರಮ್ಮು ಗೇರಿನಿಂದ ಬೇರೆಯಾಗಿ, ರೋಪನ್ನು ಕೈಯಲ್ಲೇ ಎಳೆದುಕೊಂಡು ಮರದ ಹತ್ತಿರ ಹೋಗಬಹುದು. ಬ್ಯಾಟರಿ ಉಳಿಯುತ್ತೆ. ಎಳೆಯುವ ಮುಂಚೆ ಲಿವರ್ ಪೂರ್ತಿ ಕೂತಿದೆಯಾ ನೋಡಿ. ಭಾರ ಬಿದ್ದಿರುವಾಗ ಲಿವರ್‌ಗೆ ಕೈ ಹಾಕಲೇಬೇಡಿ.

ಬ್ರೇಕಿನ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಪ್ಲಾನೆಟರಿ ವಿಂಚ್‌ನಲ್ಲಿ ಬ್ರೇಕ್ ಸಾಮಾನ್ಯವಾಗಿ ಡ್ರಮ್ಮಿನ ಹೊಟ್ಟೆಯೊಳಗೆ ಇರುತ್ತೆ. ಬಟನ್ ಬಿಟ್ಟ ತಕ್ಷಣ ತಾನೇ ಹಿಡಿಯುತ್ತೆ. ಆದ್ರೆ ಅದು ಹಿಡಿಯೋದು ಒಂದು ದಿಕ್ಕಿನಲ್ಲಿ ಮಾತ್ರ. ರೋಪು ಪೂರ್ತಿ ಬಿಚ್ಚಿಹೋಗಿ, "ಹೊರಗೆ" ಬಟನ್ ಒತ್ತಿಯೇ ಉಲ್ಟಾ ಸುತ್ತಿಕೊಂಡರೆ ನೋಡೋಕೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತೆ, ರೋಪು ಎಳೆಯುತ್ತೆ ಕೂಡ. ಬಟನ್ ಬಿಟ್ಟಾಗ ಮಾತ್ರ ಬ್ರೇಕ್ ಹಿಡಿಯಲ್ಲ, ಗಾಡಿ ಹಿಂದಕ್ಕೆ ಜಾರುತ್ತೆ. ರೋಪು ಬದಲಿಸಿದ ಮೇಲೆ ರಿಮೋಟಿನ "ಒಳಗೆ" ಬಟನ್ ಒತ್ತಿದಾಗ ನಿಜವಾಗಿ ಒಳಗೇ ಬರುತ್ತಾ, ಡ್ರಮ್ಮಿನ ಮೇಲೆ ಕಂಪನಿ ಹಾಕಿದ ಬಾಣದ ದಿಕ್ಕಿಗೇ ತಿರುಗುತ್ತಾ ಅಂತ ನೋಡಿಕೊಳ್ಳಿ.

ಇದೇ ಬ್ರೇಕ್ ನಂಬಿ ಗಾಡಿಯನ್ನು ಇಳಿಜಾರಿನಲ್ಲಿ ನೇತು ಹಾಕಿ ಊಟಕ್ಕೆ ಹೋಗೋದು, ದಿಮ್ಮಿ ಎತ್ತಿ ಲಾರಿಗೆ ಹಾಕೋದು, ಬಾವಿಗೆ ಆಳು ಇಳಿಸೋದು ಇದ್ಯಾವುದಕ್ಕೂ ವಿಂಚ್ ಅಲ್ಲ. ವಿಂಚ್ ಎಳೆಯುವ ಯಂತ್ರ, ಎತ್ತುವ ಯಂತ್ರ ಅಲ್ಲ. ಏಕೆ ಅನ್ನೋದು ರೋಪಿನ ಲೆಕ್ಕ ನೋಡಿದ್ರೆ ಗೊತ್ತಾಗುತ್ತೆ.

ರೋಪು: ಇಲ್ಲಿ ಉಳಿತಾಯ ಬೇಡ

9,500 ಪೌಂಡ್ ವಿಂಚ್ ಜೊತೆ ಬರುವ ಸ್ಟೀಲ್ ರೋಪು ಸಾಮಾನ್ಯವಾಗಿ 5/16 ಇಂಚಿನದ್ದು, ಅಂದ್ರೆ ಹತ್ತಿರ ಹತ್ತಿರ 8 ಎಂ.ಎಂ. 19 ತಂತಿಯ 7 ಎಳೆ ಹೆಣೆದ ಈ ಗಾತ್ರದ ಹೊಸ ರೋಪು ಸುಮಾರು 9,800 ಪೌಂಡಿಗೆ ತುಂಡಾಗುತ್ತೆ. ವಿಂಚ್ ಎಳೆಯೋದು 9,500, ರೋಪು ಕಡಿಯೋದು 9,800. ಮಧ್ಯೆ ಉಳಿದಿದ್ದು ಎಷ್ಟು? ಏನೂ ಇಲ್ಲ ಅಂದ್ರೂ ನಡೆಯುತ್ತೆ. ಎತ್ತುವ ಕೆಲಸದ ರೋಪಿಗೆ ಭಾರದ ಐದು ಪಟ್ಟು ತಾಕತ್ತು ಇರಬೇಕು ಅಂತ ನೋಡ್ತಾರೆ. ಅದೂ ಹೊಸ ರೋಪಿನ ಮಾತು. ಎರಡು ಮಳೆಗಾಲ ಕಂಡು ತುಕ್ಕು ಹಿಡಿದ, ಒಂದು ಕಡೆ ಗಂಟು ಬಿದ್ದು ಮತ್ತೆ ನೆಟ್ಟಗೆ ಮಾಡಿದ ರೋಪಿನ ಲೆಕ್ಕ ಯಾರ ಬಳಿಯೂ ಇರಲ್ಲ.

ಗಂಟು ಬಿದ್ದ ಸ್ಟೀಲ್ ರೋಪನ್ನು ಸುತ್ತಿಗೆಯಲ್ಲಿ ತಟ್ಟಿ ನೆಟ್ಟಗೆ ಮಾಡೋದು ಗ್ಯಾರೇಜುಗಳಲ್ಲಿ ಮಾಮೂಲು. ಹೊರಗಿಂದ ನೆಟ್ಟಗೆ ಕಂಡರೂ ಒಳಗಿನ ತಂತಿಗಳು ಅಲ್ಲಿ ಮುರಿದಿರುತ್ತವೆ. ಹೊರಗೆ ಚುಚ್ಚುವ ಸಣ್ಣ ತಂತಿ ತುಂಡುಗಳೂ ಹಾಗೆ. ಅವು ಕೈ ಹರಿಯುತ್ತವೆ ಅನ್ನೋದಕ್ಕಿಂತ ರೋಪು ಸಾಯ್ತಾ ಇದೆ ಅನ್ನೋ ಸೂಚನೆ ಅದು. ಸ್ಟೀಲ್ ರೋಪು ಮುಟ್ಟುವಾಗ ಚರ್ಮದ ಗ್ಲೌಸ್ ಬೇಕೇ ಬೇಕು.

ಸಿಂಥೆಟಿಕ್ ರೋಪು ಈಗ ಜಾಸ್ತಿ ಆಗ್ತಿದೆ. ಡೈನೀಮಾ ಅನ್ನೋ ಬ್ರ್ಯಾಂಡ್ ಹೆಸರಲ್ಲೇ ಜನ ಕೇಳ್ತಾರೆ. ಹಗುರ, ನೀರಲ್ಲಿ ತೇಲುತ್ತೆ, ಕೈ ಹರಿಯಲ್ಲ. ಕಡಿದರೂ ಸ್ಟೀಲಿನ ಹಾಗೆ ಚಾಟಿಯಂತೆ ಬೀಸಲ್ಲ. ಹಾಗಂತ ಅಪಾಯವೇ ಇಲ್ಲ ಅಂತಲ್ಲ, ತುದಿಯಲ್ಲಿ ಕಬ್ಬಿಣದ ಹುಕ್ಕು ಇದ್ದರೆ ಅದು ಹಾರುತ್ತೆ. ಇದರ ಶತ್ರುಗಳು ಬೇರೆ: ಬಿಸಿಲು, ಮರಳು ತುಂಬಿದ ಕೆಸರು, ಚೂಪು ಕಲ್ಲು, ಮತ್ತು ಬಿಸಿ. ಈ ನೂಲು 150 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಕರಗುತ್ತೆ, ಅದಕ್ಕಿಂತ ಬಹಳ ಮುಂಚೆಯೇ ತಾಕತ್ತು ಕಳ್ಕೊಳ್ಳುತ್ತೆ. ಬ್ರೇಕ್ ಡ್ರಮ್ಮಿನೊಳಗೇ ಇದೆ ಅಂತ ಮೇಲೆ ಹೇಳಿದ್ದು ನೆನಪಿದೆಯಲ್ಲ? ಭಾರ ಇರುವಾಗ ಬಟನ್ ಒತ್ತಿ ಗಾಡಿಯನ್ನು ಉದ್ದಕ್ಕೂ ಕೆಳಗೆ ಬಿಡುತ್ತಾ ಹೋದರೆ ಬ್ರೇಕ್ ಕಾದು, ಡ್ರಮ್ಮು ಕಾದು, ಅದಕ್ಕೆ ಅಂಟಿದ ಮೊದಲ ಪದರದ ರೋಪು ಸುಡುತ್ತೆ. ಮೇಲಿನ ಪದರ ನೋಡಿದರೆ ಹೊಸದರ ಹಾಗಿರುತ್ತೆ.

ಟ್ರ್ಯಾಕ್ಟರ್‌ಗೆ ಕಟ್ಟುವ ನೈಲಾನ್ ಹಗ್ಗವನ್ನು ವಿಂಚ್‌ಗೆ ಸುತ್ತೋದು ಮಾತ್ರ ಬೇಡವೇ ಬೇಡ. ನೈಲಾನ್ ರಬ್ಬರಿನ ಹಾಗೆ ಹಿಗ್ಗುತ್ತೆ. ಹಿಗ್ಗಿದ ಹಗ್ಗ ಕಡಿದರೆ ಅದು ಕವಣೆ ಕಲ್ಲು. ಒಂದು ಗಾಡಿ ಇನ್ನೊಂದನ್ನು ಜರ್ಕ್ ಕೊಟ್ಟು ಎಳೆಯಲು ಬಳಸುವ ಹಿಗ್ಗುವ ಪಟ್ಟಿಯನ್ನೂ ಇದೇ ಕಾರಣಕ್ಕೆ ವಿಂಚ್ ರೋಪಿಗೆ ಜೋಡಿಸಬಾರದು.

ರೋಪು ಹೊರಗೆ ಬರುವ ಬಾಯಿಗೆ ಫೇರ್‌ಲೀಡ್ ಅಂತಾರೆ. ಸ್ಟೀಲ್ ರೋಪಿಗೆ ನಾಲ್ಕು ರೋಲರ್ ಇರೋದು, ಸಿಂಥೆಟಿಕ್‌ಗೆ ನುಣುಪಾದ ಅಲ್ಯೂಮಿನಿಯಂ ಬಾಯಿ. ಸ್ಟೀಲ್ ತೆಗೆದು ಸಿಂಥೆಟಿಕ್ ಹಾಕಿಸುವವರು ಹಳೇ ರೋಲರನ್ನೇ ಉಳಿಸಿಕೊಂಡರೆ, ಸ್ಟೀಲ್ ತಂತಿ ಕೊರೆದ ಗೀರುಗಳು ಹೊಸ ರೋಪನ್ನು ಗರಗಸದ ಹಾಗೆ ತಿನ್ನುತ್ತವೆ. ಎರಡೂ ಒಟ್ಟಿಗೇ ಬದಲಿಸಬೇಕು.

ಹುಕ್ಕು, ಶ್ಯಾಕಲ್, ಪುಲ್ಲಿ: ಅಂಗಡಿಯವರೂ ಓದಲೇಬೇಕು

ವಿಂಚ್ ಆನ್‌ಲೈನ್‌ನಲ್ಲಿ ತರಿಸಿದರೂ ಶ್ಯಾಕಲ್, ಚೈನು, ಹುಕ್ಕು ತಗೊಳ್ಳೋದು ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲೇ. ಇಲ್ಲಿ "ಡಿ ಶ್ಯಾಕಲ್ ಕೊಡಿ" ಅಂದ್ರೆ ಎರಡು ಬಗೆ ಬರುತ್ತೆ. ಒಂದರ ಮೈ ಮೇಲೆ ಡಬ್ಲ್ಯೂಎಲ್‌ಎಲ್ ಅಂತ ಎಬ್ಬಿದ ಅಕ್ಷರ, ಪಕ್ಕದಲ್ಲಿ ಟನ್ ಅಂಕಿ ಇರುತ್ತೆ. ಅದು ದಿನಬಳಕೆಯಲ್ಲಿ ಸುರಕ್ಷಿತವಾಗಿ ಹೊರಿಸಬಹುದಾದ ಭಾರ. ಇನ್ನೊಂದರ ಮೇಲೆ ಏನೂ ಇರಲ್ಲ, ಗೇಟಿನ ಚೈನಿಗೆ ಹಾಕೋಕೆ ಸಾಕು. ದಪ್ಪ ಒಂದೇ ಥರ ಕಾಣುತ್ತೆ, ರೇಟಲ್ಲಿ ಮಾತ್ರ ಫರಕು. ಗಿರಾಕಿ ಜೀಪಿಗೆ ಅಂತ ಕೇಳಿದರೆ ಅಂಕಿ ಇಲ್ಲದ್ದನ್ನು ಕೊಡದೇ ಇರೋದು ಅಂಗಡಿಯವರ ಕೈಯಲ್ಲೇ ಇದೆ. ಮುಕ್ಕಾಲು ಇಂಚಿನ ಒಳ್ಳೇ ಶ್ಯಾಕಲ್ ಮೇಲೆ ಸಾಮಾನ್ಯವಾಗಿ 4.75 ಟನ್, 5/8 ಇಂಚಿನದ್ದರ ಮೇಲೆ 3.25 ಟನ್ ಅಂತಿರುತ್ತೆ. ಪಿನ್ ಕಳೆದುಹೋಯ್ತು ಅಂತ ಬೋಲ್ಟ್ ತೂರಿಸುವ ಶ್ಯಾಕಲ್‌ಗೆ ಆ ಅಂಕಿ ಅನ್ವಯ ಆಗಲ್ಲ.

ಹುಕ್ಕಿಗೆ ಬಾಯಿ ಮುಚ್ಚುವ ಸ್ಪ್ರಿಂಗ್ ನಾಲಿಗೆ ಇರಲೇಬೇಕು. ಹುಕ್ಕನ್ನು ಅದರದೇ ರೋಪಿಗೆ ಸುತ್ತಿ ಹಾಕಬಾರದು, ರೋಪು ಅಲ್ಲೇ ಮುರಿಯುತ್ತೆ. ಮರಕ್ಕೆ ಅಗಲದ ಪಟ್ಟಿ ಹಾಕಿ, ಬುಡದ ಹತ್ತಿರ, ಪಟ್ಟಿಯ ಎರಡೂ ಕಿವಿಗೆ ಶ್ಯಾಕಲ್ ಹಾಕಿ ಅದಕ್ಕೆ ಹುಕ್ಕು ಕೊಡಬೇಕು. ಸ್ಟೀಲ್ ರೋಪೋ ಚೈನೋ ನೇರ ಸುತ್ತಿದರೆ ಸಿಪ್ಪೆ ಸುಲಿದು ಹೋಗುತ್ತೆ. ಸಿಲ್ವರ್ ಓಕ್ ಇರಲಿ, ಹಲಸು ಇರಲಿ, ಸುತ್ತಲೂ ಸಿಪ್ಪೆ ಹೋದ ಮರ ಒಣಗುತ್ತೆ. ಮೆಣಸಿನ ಬಳ್ಳಿ ಹಬ್ಬಿದ ಮರಕ್ಕೆ ಕಟ್ಟಿ ಪಕ್ಕದ ತೋಟದವರ ಜೊತೆ ಜಗಳ ತಂದ್ಕೊಂಡ್ರೆ ವಿಂಚ್ ಬಿಡಿಸೋಕೆ ಬರಲ್ಲ. ಗಾಡಿಯ ಕಡೆ ಚಾಸಿಗೆ ಕೂತ ಟೋ ಹುಕ್ಕಿಗೇ ಹಾಕಬೇಕು. ಟ್ರೈಲರ್ ಎಳೆಯುವ ಗುಂಡಿಗೆ, ಅಂದ್ರೆ ಟೋ ಬಾಲ್‌ಗೆ ಹಾಕಿ ಎಳೆದಾಗ ಅದು ಮುರಿದು ಗುಂಡಿನ ಹಾಗೆ ಹಾರಿ ಜನ ಸತ್ತ ಉದಾಹರಣೆಗಳು ಬೇರೆ ದೇಶಗಳಲ್ಲಿವೆ.

ಈಗ ಪುಲ್ಲಿ. ಇದನ್ನು ಸ್ನ್ಯಾಚ್ ಬ್ಲಾಕ್ ಅಂತಾರೆ, ಪಕ್ಕ ತೆರೆದು ರೋಪು ಒಳಗಿಡಬಹುದಾದ ಗಾಲಿ. ಮರಕ್ಕೆ ಪುಲ್ಲಿ ಕಟ್ಟಿ, ರೋಪನ್ನು ಅದರ ಮೂಲಕ ತಂದು ವಾಪಸ್ ತನ್ನದೇ ಗಾಡಿಯ ಟೋ ಹುಕ್ಕಿಗೆ ಹಾಕಿದರೆ ಎಳೆಯುವ ಬಲ ಹೆಚ್ಚುಕಮ್ಮಿ ಎರಡು ಪಟ್ಟು, ವೇಗ ಅರ್ಧ. ಪುಲ್ಲಿಯ ಸವೆತಕ್ಕೆ ಸ್ವಲ್ಪ ಬಲ ಕಳೆಯುತ್ತೆ ಅಷ್ಟೆ. ಇನ್ನೊಂದು ಲಾಭ ಇದೆ. 28 ಮೀಟರ್ ರೋಪು, ಮರ 12 ಮೀಟರ್ ದೂರ ಅಂತಿಟ್ಕೊಳ್ಳಿ. ನೇರ ಕಟ್ಟಿದರೆ 12 ಮೀಟರ್ ಬಿಚ್ಚಿ, ಮೇಲೆ ಹೇಳಿದ ಡ್ರಮ್ಮಿನಲ್ಲಿ ಮೂರನೇ ಪದರದಲ್ಲಿರುತ್ತೀರಿ, 3,000 ಕೆ.ಜಿ. ಪುಲ್ಲಿ ಹಾಕಿದರೆ 24 ಮೀಟರ್ ಬಿಚ್ಚಬೇಕು, ಆಗ ಮೊದಲನೇ ಪದರಕ್ಕೆ ಬರ್ತೀರಿ, 4,300ರ ಎರಡು ಪಟ್ಟು. ಮಡ್‌ಗಾರ್ಡ್‌ವರೆಗೆ ಹೂತ ಗಾಡಿಗೆ ಬೇಕಿದ್ದ 4,800 ಆರಾಮಾಗಿ ಸಿಕ್ಕಿತು. ರೋಪಿನ ಮೇಲೆ ಬೀಳೋದು ಅದರ ಅರ್ಧ, 2,400 ಮಾತ್ರ. ರೋಪೂ ಉಸಿರಾಡುತ್ತೆ, ಮೋಟಾರ್ ಕರೆಂಟೂ ಇಳಿಯುತ್ತೆ.

ಆದ್ರೆ ಮರದ ಕಡೆ ನೋಡಿ. ಪುಲ್ಲಿಯನ್ನು ಮರಕ್ಕೆ ಹಿಡಿದಿರುವ ಪಟ್ಟಿ, ಶ್ಯಾಕಲ್ ಮೇಲೆ ಎರಡೂ ಎಳೆಯ ಭಾರ, ಅಂದ್ರೆ ಪೂರ್ತಿ 4,800 ಕೆ.ಜಿ. ಬಿದ್ದಿದೆ. 4.75 ಟನ್ನಿನ ಶ್ಯಾಕಲ್ ಅಲ್ಲಿಗೆ ತನ್ನ ಗೆರೆ ದಾಟಿತು. ಅಂಕಿ ಇಲ್ಲದ ಶ್ಯಾಕಲ್ ಅಲ್ಲಿದ್ದರೆ ಏನಾದೀತು ಅಂತ ಬಿಡಿಸಿ ಹೇಳಬೇಕಿಲ್ಲ. ಪುಲ್ಲಿ ಹಾಕುವ ಕಡೆ ಒಂದು ಸೈಜ್ ದೊಡ್ಡ ಶ್ಯಾಕಲ್ ಇರಲಿ.

ಎಳೆಯುವಾಗ ರೋಪಿನ ಮಧ್ಯಕ್ಕೆ ಭಾರದ್ದೇನಾದ್ರೂ ಹಾಕಬೇಕು. ಅದಕ್ಕೆಂದೇ ಸಿಗುವ ಚೀಲ ಇಲ್ಲದಿದ್ದರೆ ಒದ್ದೆ ಕಂಬಳಿ, ಒದ್ದೆ ಗೋಣಿಚೀಲ ನಡೆಯುತ್ತೆ. ರೋಪು ಕಡಿದರೆ ಅದರ ಬೀಸನ್ನು ನೆಲಕ್ಕೆ ತರುತ್ತೆ. ನೋಡೋಕೆ ಬಂದವರು ಬಿಚ್ಚಿದ ರೋಪಿನ ಉದ್ದಕ್ಕಿಂತ ದೂರ ನಿಲ್ಲಬೇಕು, ಪುಲ್ಲಿ ಹಾಕಿದ್ದರೆ ಎರಡು ಎಳೆಯ ನಡುವಿನ ಜಾಗಕ್ಕಂತೂ ಯಾರೂ ಕಾಲಿಡಬಾರದು. ಬಿಗಿಯಾದ ರೋಪನ್ನು ದಾಟಬಾರದು. ಮೊಬೈಲ್ ಹಿಡಿದು ವಿಡಿಯೊ ಮಾಡೋಕೆ ಎಲ್ಲರೂ ಮುಂದೆ ಬಂದು ನಿಲ್ಲೋದು ರೋಪಿನ ನೇರಕ್ಕೇ.

ಕೂರಿಸುವ ಪ್ಲೇಟು, ಮತ್ತು ಆರ್‌ಟಿಒ

ಈ ಸೈಜಿನ ವಿಂಚ್ ಹೆಚ್ಚಿನವು ನಾಲ್ಕು ಬೋಲ್ಟಿನ ಮೇಲೆ ಕೂರುತ್ತವೆ. ಬೋಲ್ಟಿನ ಅಂತರ 10 ಇಂಚು ಅಗಲ, ನಾಲ್ಕೂವರೆ ಇಂಚು ಎತ್ತರ. ಬೋಲ್ಟು ತಲೆಯ ಮೇಲೆ 8.8 ಅಂತ ಇರೋದನ್ನೇ ಹಾಕಿಸಿ, ಗುರುತೇ ಇಲ್ಲದ ಮೆದು ಬೋಲ್ಟ್ ಬೇಡ. ಪ್ಲೇಟು ಚಾಸಿಯ ಎರಡೂ ಕಡೆಗೆ ಬೋಲ್ಟ್ ಆಗಬೇಕು. ಬಂಪರ್‌ಗೆ ಮಾತ್ರ ವೆಲ್ಡ್ ಮಾಡಿಸಿದರೆ ಮೊದಲ ದಿನ ಗಾಡಿ ಬರಲ್ಲ, ಬಂಪರ್ ಬರುತ್ತೆ. ಸ್ಟೀಲ್ ರೋಪಿನ 9,500 ಪೌಂಡ್ ವಿಂಚ್ 35ರಿಂದ 40 ಕೆ.ಜಿ. ತೂಗುತ್ತೆ, ಮೇಲೆ ಪ್ಲೇಟಿನ ತೂಕ. ಸಣ್ಣ ಗಾಡಿಗಳಲ್ಲಿ ಮುಂದಿನ ಸ್ಪ್ರಿಂಗ್ ಕೂರುತ್ತೆ.

ಕಾನೂನಿನ ಕಡೆಯೂ ಕಣ್ಣಿರಲಿ. ಆರ್‌ಸಿಯಲ್ಲಿ ನಮೂದಾದ, ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಆಗುವ ಹಾಗೆ ಗಾಡಿ ಮಾರ್ಪಾಡು ಮಾಡೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಪತ್ರ ಬರೆದಿದ್ದೂ ಇದೇ ಸೆಕ್ಷನ್ ಹಿಡಿದು. 2019ರ ತಿದ್ದುಪಡಿ ನಂತರ ಅಕ್ರಮ ಮಾರ್ಪಾಡಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಇದೆ. ವಿಂಚ್‌ಗಾಗಿ ಕಬ್ಬಿಣದ ದೊಡ್ಡ ಬಂಪರ್ ಕಟ್ಟಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಮುಂದಿನ ಬಂಪರ್ ಬದಲಿಸಿದರೆ ಸೆನ್ಸರ್ ಕೆಲಸಕ್ಕೂ ತೊಂದರೆ ಆಗಬಹುದು, ಶೋರೂಮಿನಲ್ಲಿ ಕೇಳಿಕೊಳ್ಳಿ. ಪ್ರವಾಸಿಗರನ್ನು ಕೂರಿಸಿಕೊಂಡು ಓಡಿಸುವವರು ಇನ್ಶೂರೆನ್ಸ್‌ನವರಿಗೂ ಮೊದಲೇ ತಿಳಿಸಿ, ಆಮೇಲೆ ಕ್ಲೈಮ್ ಹೊತ್ತಲ್ಲಿ ತಕರಾರು ಬೇಡ.

ಗಾಡಿ ಮೇಲೆ ಬಂದ ಮೇಲೆ

ಗಾಡಿ ಹೊರಬಂದ ಖುಷಿಯಲ್ಲಿ ರೋಪನ್ನು ಗಬಗಬ ಸುತ್ತಿಬಿಟ್ಟರೆ ಸಡಿಲ ಪದರಗಳ ಮಧ್ಯೆ ಮುಂದಿನ ಸಲ ಬಿಗಿ ರೋಪು ಹೂತು ಸಿಕ್ಕಿಕೊಳ್ಳುತ್ತೆ, ಬಿಚ್ಚೋಕೆ ಬರಲ್ಲ. ಮನೆಗೆ ಬಂದ ಮೇಲಾದರೂ ಸಮತಟ್ಟು ಜಾಗದಲ್ಲಿ ಒಮ್ಮೆ ಕನಿಷ್ಠ ಸುತ್ತು ಉಳಿಸಿ ಬಿಚ್ಚಿ, ಸಿಂಥೆಟಿಕ್ ಆದ್ರೆ ನೀರು ಹಾಕಿ ಮಣ್ಣು ತೊಳೆದು, ಸ್ಟೀಲ್ ಆದ್ರೆ ಒರೆಸಿ ತೆಳ್ಳಗೆ ಎಣ್ಣೆ ಕೊಟ್ಟು, ಗಾಡಿಯ ಭಾರವನ್ನೇ ಸ್ವಲ್ಪ ಹೊರಿಸಿ ಸಾಲಾಗಿ ಸುತ್ತಬೇಕು. ಒಬ್ಬರು ಬಟನ್ ಒತ್ತೋದು, ಇನ್ನೊಬ್ಬರು ರೋಪು ಹಿಡಿಯೋದು ಅಂತ ಇದ್ದರೆ ಬೆರಳು ಹೋಗೋದು ಹೆಚ್ಚಾಗಿ ಈ ಹೊತ್ತಲ್ಲೇ. ಕೊನೆಯ ಒಂದು ಮೀಟರ್ ಬಂದಾಗ ನಿಲ್ಲಿಸಿ, ಹುಕ್ಕಿನ ಪಟ್ಟಿ ಹಿಡಿದು, ಬಟನ್ ಒತ್ತಿ ಬಿಟ್ಟು ಒತ್ತಿ ಬಿಟ್ಟು ಒಳಗೆ ತನ್ನಿ. ಹುಕ್ಕು ಫೇರ್‌ಲೀಡಿಗೆ ಬಡಿದು ಬಿಗಿಯಾಗೋವರೆಗೆ ಎಳೆಯಬೇಡಿ. ಕಟ್ ಆಫ್ ಸ್ವಿಚ್ ಆಫ್ ಮಾಡಿ, ಕ್ಲಚ್ ಲಿವರ್ ಕೂರಿಸಿ, ಹುಕ್ಕನ್ನು ಟೋ ಹುಕ್ಕಿಗೆ ಸಿಕ್ಕಿಸಿಡಿ.